ಶಿಕ್ಷೆ ಕೊಡುವುದು ಕೋರ್ಟು, ಜಾತಿಯಲ್ಲ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಬರೆದುಕೊಟ್ಟದ್ದು.)



ವಾರ್ಷಿಕೋತ್ಸವ ಅಂದರೆ ಶಿಕ್ಷಣ, ನೌಕರಿ, ಮೀಸಲಾತಿ, ವ್ಯಸನಮುಕ್ತಿ ಇಂಥ ವಿಷಯದ ಮೇಲೆ ಮಾತಾಡುವುದು ರೂಢಿ. ಕಾರ್ಯದರ್ಶಿಯವರು ನನಗೂ "ಶಿಕ್ಷಣದ ಮ್ಯಾಲೆ ನಾಲ್ಕು ಮಾತು ಹೇಳ್ರಿ ವಕೀಲ ಸಾಹೇಬ್ರ" ಅಂದಿದ್ದರು. ನಾನೇ ಬೇಡ ಅಂದೆ. ನಾನಿವತ್ತು ಮಾತಾಡುವುದು ಜೇಲಿನ ಬಗ್ಗೆ. ಜೇಲಿನೊಳಗೆ ಕೈದಿ ಮಾಡುವ ಕೆಲಸದ ಬಗ್ಗೆ, ಅವನ ಹಕ್ಕಿನ ಬಗ್ಗೆ, ಅವನ ಕರ್ತವ್ಯದ ಬಗ್ಗೆ.

ಹಬ್ಬದಂಥ ದಿನ ಇದೇನು ಅಪಶಕುನದ ಮಾತು ಅಂತ ಕೆಲವರಿಗೆ ಅನ್ನಿಸಬಹುದು. ಈ ಓಣಿಯಲ್ಲಿ ಎಷ್ಟು ಮನೆಯವರು ಜೇಲಿಗೆ ಮುಲಾಕತ್ತಿಗೆ ಹೋಗಿ ಬಂದೀರಿ, ಕೈ ಎತ್ತಿ ಅಂದರೆ ಯಾರೂ ಎತ್ತುವುದಿಲ್ಲ. ಆದರೆ ನನಗೂ ಗೊತ್ತು, ನಿಮಗೂ ಗೊತ್ತು. ಅದಕ್ಕೇ ಮೊದಲ ಕೈ ನಾನೇ ಎತ್ತುತ್ತೇನೆ. ನಮ್ಮ ಅಣ್ಣ ಜೇಲಿಗೆ ಹೋಗಿ ಬಂದವನು. ಇದನ್ನು ಸಭೆಯಲ್ಲಿ ಹೇಳಲು ಅವನ ಒಪ್ಪಿಗೆ ತಗೊಂಡೇ ಬಂದಿದ್ದೇನೆ. "ಹೇಳ, ಆದ್ರ ನನ್ನ ದೊಡ್ಡಾಂವನ್ನ ಮಾಡಬ್ಯಾಡ" ಅಂದ.

ದೊಡ್ಡವನನ್ನಾಗಿ ಮಾಡುವುದಿಲ್ಲ. ಅಣ್ಣ ತಪ್ಪು ಮಾಡಿದ್ದ. ಹೊಲದ ಬದುವಿನ ಜಗಳದಲ್ಲಿ ಕೈಯಲ್ಲಿದ್ದ ಬಡಿಗೆ ಬೀಸಿದ. ಎದುರಿನವನ ಕೈ ಮುರಿಯಿತು. ಆ ಮನುಷ್ಯ ಒಂದು ಹಂಗಾಮು ಪೂರ್ತಿ ದುಡಿಯಲಾರದೆ ಕುಳಿತ. ಇದನ್ನು ಮುಚ್ಚಿಟ್ಟು ನಾನು ಕೈದಿಯ ಹಕ್ಕಿನ ಮಾತಾಡಿದರೆ ಅದು ಅರ್ಧ ಮಾತು. ಜಾಮೀನು ಕೊಡುವವರು ಸಿಗದೆ ಅಣ್ಣ ಹನ್ನೊಂದು ತಿಂಗಳು ಒಳಗಿದ್ದ. ಆಮೇಲೆ ಕೋರ್ಟು ಮೂರು ವರ್ಷ ಸಕ್ತಮಜುರಿ ಅಂತ ತೀರ್ಪು ಕೊಟ್ಟಿತು.

ಯಾವ ಜೇಲು, ಯಾವ ಸಾಹೇಬ ಅನ್ನುವುದು ಈ ಮಾತಿಗೆ ಬೇಕಿಲ್ಲ. ಒಳಗೆ ಹೋದ ದಿನ ಹೆಸರು ಕೇಳಿದರು, ಅಪ್ಪನ ಹೆಸರು ಕೇಳಿದರು, ಊರು ಕೇಳಿದರು. ಆಮೇಲೆ ಜಾತಿ ಕೇಳಿದರು. ಅಣ್ಣ ಹೇಳಿದ. ಮರುದಿನ ಬೆಳಿಗ್ಗೆ ಅವನ ಕೈಗೆ ಪೊರಕೆ, ಬಕೆಟ್ಟು ಬಂತು. "ನೀ ಸಂಡಾಸದ ಕಡೆ" ಅಂದರು. ಯಾಕೆ ಅಂತ ಅಣ್ಣ ಕೇಳಿದ್ದಕ್ಕೆ, "ನಿಮ್ಮವರ ಕೆಲಸಾನ ಅಲ್ಲೇನು?" ಅಂದರು. ಅದೇ ದಿನ ಅದೇ ಗೇಟಿನಿಂದ ಒಳಗೆ ಬಂದ ಇನ್ನೊಬ್ಬನನ್ನು ಅಡಿಗೆಮನೆಗೆ ಕಳಿಸಿದರು. ಅವನ ಮೇಲಿದ್ದದ್ದೂ ಹೊಡೆದಾಟದ ಕೇಸೇ.

ಐದು ತಿಂಗಳ ನಂತರ ಒಂದು ಮುಲಾಕತ್ತಿನಲ್ಲಿ ನಮ್ಮ ಅವ್ವ ಅವನ ಕೈ ನೋಡಿದಳು. ಫಿನಾಯಿಲು, ಆ್ಯಸಿಡ್ಡು ತಾಗಿ ಚರ್ಮ ಸುಲಿದಿತ್ತು. ಬಸ್‌ಸ್ಟ್ಯಾಂಡಿಗೆ ಬರುವ ತನಕ ಅವ್ವ ಒಂದು ಮಾತೂ ಆಡಲಿಲ್ಲ. ಬಸ್ ಹತ್ತಿದ ಮೇಲೆ, "ಸಜಾ ಅಂದ್ರ ಇದೂ ಇರತೈತೋ ಏನೋ ತಮ್ಮಾ" ಅಂದಳು. ನಾನು ಆಗ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಮನೆಯಲ್ಲಿ ಓದಿದವನು ನಾನೊಬ್ಬನೇ. ಇರಬಹುದು ಅಂತ ನಾನೂ ಸುಮ್ಮನಾದೆ.

ಆ ಸುಮ್ಮನಾದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅದಕ್ಕೇ ಆಮೇಲೆ ವಕೀಲಿ ಓದಿದೆ. ಓದಿದ ಮೇಲೆ ಗೊತ್ತಾಯಿತು, ಅವ್ವ ಕೇಳಿದ ಪ್ರಶ್ನೆಗೆ ಉತ್ತರ "ಇಲ್ಲ" ಅಂತ. ಅದು ಸಜೆಯೊಳಗೆ ಇರಲಿಲ್ಲ. ಅಣ್ಣನಿಗೆ ಆಗ ಸಜೆಯೇ ಆಗಿರಲಿಲ್ಲ!

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹುಡುಗರು ಲಕ್ಷ್ಯಕೊಟ್ಟು ಕೇಳಬೇಕು.

ಜೇಲಿನಲ್ಲಿ ಇರುವವರೆಲ್ಲ ಒಂದೇ ಅಲ್ಲ. ನಮ್ಮ ಕಡೆ ಕಚ್ಚಾ ಕೈದಿ, ಪಕ್ಕಾ ಕೈದಿ ಅನ್ನುತ್ತಾರಲ್ಲ, ಅದು ಸರಿಯಾದ ಮಾತು. ಕೇಸು ಇನ್ನೂ ನಡೆಯುತ್ತಿರುವವನು ಕಚ್ಚಾ ಕೈದಿ. ಕಾನೂನಿನ ಭಾಷೆಯಲ್ಲಿ ವಿಚಾರಣಾಧೀನ ಕೈದಿ. ಅವನು ತಪ್ಪಿತಸ್ಥ ಅಂತ ಯಾವ ಕೋರ್ಟೂ ಇನ್ನೂ ಹೇಳಿಲ್ಲ. ಸಜೆ ಆದವನು ಪಕ್ಕಾ ಕೈದಿ. ನಮ್ಮ ದೇಶದ ಜೇಲುಗಳಲ್ಲಿ ನೂರು ಮಂದಿಯಲ್ಲಿ ಸುಮಾರು 75 ಮಂದಿ ಕಚ್ಚಾ ಕೈದಿಗಳು. ಅವರಿಂದ ಬಲವಂತದ ಕೆಲಸ ಮಾಡಿಸುವಂತಿಲ್ಲ. ತಾನಿದ್ದ ಜಾಗ ತಾನು ಚೊಕ್ಕಟ ಇಟ್ಟುಕೊಳ್ಳಬೇಕು, ಅಷ್ಟೇ. ಕೆಲಸ ಬೇಕು ಅಂತ ತಾನೇ ಕೇಳಿದರೆ ಕೊಡಬಹುದು.

ಪಕ್ಕಾ ಕೈದಿಯಲ್ಲಿಯೂ ಎರಡು ತರ. ತೀರ್ಪಿನ ಕಾಗದದಲ್ಲಿ "ಸಾದಾ ಸಜೆ" ಅಂತ ಬರೆದಿದ್ದರೆ ಕೆಲಸ ಅವನ ಇಚ್ಛೆಗೆ ಬಿಟ್ಟದ್ದು. "ಸಕ್ತಮಜುರಿ", ಅಂದರೆ ಕಠಿಣ ಸಜೆ ಅಂತ ಬರೆದಿದ್ದರೆ ಮಾತ್ರ ಕೆಲಸ ಕಡ್ಡಾಯ. ಬೇಡ ಅನ್ನುವ ಹಾಗಿಲ್ಲ. ಈ ಫರಕು ಹಳೆಯ ದಂಡಸಂಹಿತೆಯಲ್ಲಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದೆ.

ಹಾಗಾದರೆ ಕಠಿಣ ಸಜೆಯಲ್ಲಿ ಮಾಡಿಸುವ ಕೆಲಸ ಬಿಟ್ಟಿ ಅಲ್ಲವೇನು? ಬಿಟ್ಟಿ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರು ಊರಿನ ಬಿಟ್ಟಿ ಬೇಗಾರಿ ಮಾಡಿ ಬೆನ್ನು ಬಾಗಿಸಿದವರು. ಹೊತ್ತಿಲ್ಲ ಗೊತ್ತಿಲ್ಲ, ಚಾವಡಿಯಿಂದ ಕರೆ ಬಂದರೆ ಓಡಬೇಕು. ಅದಕ್ಕೆ ವತನ ಅಂತ ಮರ್ಯಾದೆಯ ಹೆಸರು. ಬಾಬಾಸಾಹೇಬರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಹಾರ ವತನದ ಪ್ರಶ್ನೆಯ ಮೇಲೆ ಮಸೂದೆ ತಂದದ್ದು ಇದಕ್ಕೇ. ಆಮೇಲೆ ಸಂವಿಧಾನದ 23ನೇ ಕಲಮಿನಲ್ಲಿ ಬಿಟ್ಟಿ ದುಡಿಮೆಗೆ ನಿಷೇಧ ಬಂತು. ಬೇಗಾರ ಅನ್ನುವ ನಮ್ಮ ಶಬ್ದವೇ ಆ ಕಲಮಿನೊಳಗೆ ಇದೆ. 1982ರಲ್ಲಿ ಏಶಿಯಾಡ್ ಕೂಲಿಕಾರರ ಕೇಸಿನಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೂ ಅದು ಬಲವಂತದ ದುಡಿಮೆಯೇ ಅಂತ ಹೇಳಿತು.

ಕೈದಿಯ ವಿಷಯದಲ್ಲಿ ಮುಖ್ಯ ತೀರ್ಪು ಬಂದದ್ದು 1998ರಲ್ಲಿ, ಗುಜರಾತ್ ಸರ್ಕಾರದ ಕೇಸಿನಲ್ಲಿ. ಕಠಿಣ ಸಜೆಯಾದವನಿಂದ ಅವನ ಒಪ್ಪಿಗೆ ಇರಲಿ ಬಿಡಲಿ ಕೆಲಸ ಮಾಡಿಸುವುದು ಕಾನೂನುಬದ್ಧ, ಅದನ್ನು ಕೋರ್ಟಿನ ಶಿಕ್ಷೆಯೇ ಹೇಳಿದೆ. ಆದರೆ ಆ ಕೆಲಸಕ್ಕೆ ನ್ಯಾಯವಾದ ಕೂಲಿ ಕೊಡಲೇಬೇಕು. ಕೂಲಿ ಎಷ್ಟು ಅಂತ ಗೊತ್ತುಮಾಡಲು ರಾಜ್ಯಗಳು ಸಮಿತಿ ಮಾಡಬೇಕು. ಊಟ ಬಟ್ಟೆಯ ಖರ್ಚು ಲೆಕ್ಕಹಾಕಿ ಮುರಿದುಕೊಳ್ಳಬಹುದು. ಇನ್ನೊಂದು ಭಾಗ ಯಾರಿಗೆ ಅನ್ಯಾಯವಾಗಿದೆಯೋ ಅವರ ಪರಿಹಾರಕ್ಕೆ ಹೋಗುವಂತೆ ಕಾನೂನು ಮಾಡಬೇಕು ಅಂತಲೂ ಕೋರ್ಟು ಹೇಳಿತು. ಈ ಕೊನೆಯ ಮಾತನ್ನು ಅಣ್ಣನಿಗೆ ಓದಿ ಹೇಳಿದಾಗ, "ಅದು ಖರೇ ಐತಿ. ಅಂವನ ಕೈ ಮುರದಿದ್ದು ನಾನ ಅಲ್ಲ?" ಅಂದ.

ಈಗ ಜಾತಿಯ ಮಾತಿಗೆ ಬರೋಣ. ಅಣ್ಣನ ಕೈಗೆ ಪೊರಕೆ ಕೊಟ್ಟವನು ಒಬ್ಬ ಕೆಟ್ಟ ಮನುಷ್ಯ ಅಂತ ನಾನು ಬಹಳ ದಿನ ತಿಳಕೊಂಡಿದ್ದೆ. ಆಮೇಲೆ ತಿಳಿಯಿತು, ಎಷ್ಟೋ ರಾಜ್ಯಗಳಲ್ಲಿ ಜೇಲ್ ಮ್ಯಾನ್ಯುವಲ್ ಅನ್ನುವ ಸರ್ಕಾರಿ ನಿಯಮದ ಪುಸ್ತಕದಲ್ಲಿಯೇ ಇದು ಅಚ್ಚಾಗಿತ್ತು!

ಇದರ ಬೇರು ಬ್ರಿಟಿಷರ ಕಾಲದ್ದು. ಜೇಲಿನಲ್ಲಿ ಎಲ್ಲರಿಗೂ ಒಂದೇ ಪಂಕ್ತಿಯ ಊಟ ಅಂತ ಅವರು 1840ರ ದಶಕದಲ್ಲಿ ಮಾಡಹೋದಾಗ ಮೇಲುಜಾತಿಯ ಕೈದಿಗಳು ಗಲಾಟೆ ಎಬ್ಬಿಸಿದರು. 1855ರಲ್ಲಿ ಬಿಹಾರದ ಆರಾ ಮತ್ತು ಮುಜಫ್ಫರಪುರದ ಜೇಲುಗಳಲ್ಲಿ ಹಿತ್ತಾಳೆಯ ಲೋಟ ಕಸಿದುಕೊಂಡು ಮಣ್ಣಿನದು ಕೊಟ್ಟದ್ದಕ್ಕೆ ದಂಗೆಯೇ ಆಯಿತು. ಜಾತಿಯ ತಂಟೆ ಬೇಡ ಅಂತ ಸರ್ಕಾರ ಹಿಂದೆ ಸರಿಯಿತು. ಅಡಿಗೆ ಮಾಡಲು ಮೇಲುಜಾತಿಯವನು, ಸಂಡಾಸ ತೊಳೆಯಲು ಕೆಳಗಿನವನು ಅನ್ನುವ ಊರಿನ ಕಟ್ಟಳೆಯೇ ಜೇಲಿನ ಕಟ್ಟಳೆಯಾಯಿತು. ಬ್ರಿಟಿಷರು ಹೋದರು, ಪುಸ್ತಕ ಉಳಿಯಿತು.

ಉತ್ತರ ಪ್ರದೇಶದ ಮ್ಯಾನ್ಯುವಲ್ಲು 2022ರದ್ದು, ಮೊನ್ನೆಮೊನ್ನೆಯದು. ಸಾದಾ ಸಜೆಯ ಕೈದಿಗೆ ಹೀನ ಅನ್ನಿಸುವ ಕೆಲಸ ಹಚ್ಚಬಾರದು, ಆದರೆ ಅಂಥ ಕೆಲಸ ರೂಢಿಯಿರುವ ಸಮುದಾಯದವನಾದರೆ ಹಚ್ಚಬಹುದು ಅಂತ ಅದರಲ್ಲಿತ್ತು. ಪಶ್ಚಿಮ ಬಂಗಾಲದ ನಿಯಮದಲ್ಲಿ ಕಸಗುಡಿಸುವವರನ್ನು ಯಾವ ಯಾವ ಜಾತಿಯಿಂದ ಆರಿಸಬೇಕು ಅಂತ ಜಾತಿಗಳ ಹೆಸರೇ ಇತ್ತು.

ಮುಂಬಯಿಯ ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಇದನ್ನೆಲ್ಲ ಹುಡುಕಿ 2020ರಲ್ಲಿ ಬರೆದರು. ಬರೆದು ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 2024ರ ಅಕ್ಟೋಬರ್ 3ರಂದು ತೀರ್ಪು ಬಂತು. ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ನ್ಯಾಯಮೂರ್ತಿ ಪಾರ್ದಿವಾಲಾ, ನ್ಯಾಯಮೂರ್ತಿ ಮನೋಜ್ ಮಿಶ್ರಾ ಅವರ ಪೀಠ. ಜೇಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವುದು, ಜಾತಿ ನೋಡಿ ಬೇರೆ ಬೇರೆ ಇಡುವುದು ಸಂವಿಧಾನದ 14, 15, 17, 21 ಮತ್ತು 23ನೇ ಕಲಮುಗಳಿಗೆ ವಿರುದ್ಧ ಅಂತ ಕೋರ್ಟು ಹೇಳಿತು. ಅಂದರೆ ಇದು ಬರೇ ತಾರತಮ್ಯ ಅಲ್ಲ, ಇದು ಅಸ್ಪೃಶ್ಯತೆ, ಇದು ಬಿಟ್ಟಿ. ಮೂರು ತಿಂಗಳೊಳಗೆ ಎಲ್ಲ ರಾಜ್ಯಗಳೂ ಮ್ಯಾನ್ಯುವಲ್ ತಿದ್ದಬೇಕು, ಜೇಲಿನ ಕೈದಿಗಳ ರಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಬೇಕು ಅಂತ ಆದೇಶ ಮಾಡಿತು. ಅದೇ ವರ್ಷ ಡಿಸೆಂಬರಿನ ಕೊನೆಗೆ ಕೇಂದ್ರದ ಗೃಹ ಮಂತ್ರಾಲಯವೂ ತನ್ನ ಮಾದರಿ ಮ್ಯಾನ್ಯುವಲ್ ತಿದ್ದಿತು.

ಆ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದು ನಮ್ಮ ಭಾಗಕ್ಕೆ ಬಹಳ ಹತ್ತಿರದ್ದು. ಸೊಲ್ಲಾಪುರದಲ್ಲಿ ಸೆಟ್ಲಮೆಂಟ್ ಅಂತ ಕರೆಯುವ ಜಾಗ ನಿಮಗೆಲ್ಲ ಗೊತ್ತು. ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಕೆಳಗೆ ಕೆಲವು ಜಾತಿಗಳಲ್ಲಿ ಹುಟ್ಟಿದವರನ್ನೆಲ್ಲ ಹುಟ್ಟಿನಿಂದಲೇ ಕಳ್ಳರು ಅಂತ ಸರ್ಕಾರ ಬರೆದಿಟ್ಟಿತು. ಹೆಂಡತಿ ಮಕ್ಕಳ ಸಮೇತ ತಂತಿಬೇಲಿಯೊಳಗೆ ಇಟ್ಟು, ಹಾಜರಿ ತಗೊಂಡು, ಸೊಲ್ಲಾಪುರದ ಮಿಲ್ಲುಗಳಿಗೆ ದುಡಿಯಲು ಕಳಿಸಿತು. ಯಾವ ಕೋರ್ಟೂ ಅವರಿಗೆ ಸಜೆ ಕೊಟ್ಟಿರಲಿಲ್ಲ. ಜಾತಿಯೇ ಸಜೆ ಆಗಿತ್ತು. 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯಿತು, ಆ ದಿನವನ್ನು ವಿಮುಕ್ತ ದಿನ ಅಂತ ಆಚರಿಸುತ್ತಾರೆ. ಆದರೆ "ರೂಢಿಗತ ಅಪರಾಧಿ" ಅನ್ನುವ ಹೆಸರಿನಲ್ಲಿ ಅದೇ ಸಂಶಯ ಜೇಲಿನ ಪುಸ್ತಕಗಳಲ್ಲಿ ಉಳಿದುಕೊಂಡಿತು. ಅದಕ್ಕೂ ಕೋರ್ಟು 2024ರಲ್ಲಿ ಕಡಿವಾಣ ಹಾಕಿತು. ಒಂದು ಜಾತಿಯಲ್ಲಿ ಹುಟ್ಟಿದ ಅಂತ, ಅಲೆಮಾರಿ ಅಂತ ಒಬ್ಬನನ್ನು ಆ ಪಟ್ಟಿಗೆ ಸೇರಿಸುವ ಹಾಗಿಲ್ಲ.

ಈ ತೀರ್ಪು ಬಂದ ದಿನ ನಾನು ಕೋರ್ಟಿನಿಂದ ಸೀದಾ ಅಣ್ಣನ ಮನೆಗೆ ಹೋದೆ. ಖುಷಿಯಲ್ಲಿದ್ದೆ. "ನೋಡಣ್ಣ, ಸುಪ್ರೀಂ ಕೋರ್ಟ್ ಹೇಳೇತಿ. ಸಂಡಾಸ ತೊಳೆಯೋದು ನಮ್ಮವರ ಕೆಲಸ ಅಲ್ಲ ಅಂತ" ಅಂದೆ. ಅಣ್ಣ ರಂಧ ಹೊಡೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಹಂಗಾರ ಅದು ಯಾರ ಕೆಲಸ?" ಅಂದ.

ನನಗೆ ಉತ್ತರ ತೋಚಲಿಲ್ಲ.

ಆಗ ಅವನು ಹೇಳಿದ. ಸಂಡಾಸದ ಕೆಲಸದಲ್ಲಿ ಅವನ ಜೊತೆ ಇನ್ನೊಬ್ಬ ಮುದುಕ ಇದ್ದನಂತೆ. ನಮ್ಮ ಓಣಿಯವರೂ ಮನೆಯೊಳಗೆ ಕರೆಯದ ಜಾತಿಯವನು. ಅಣ್ಣ ಮೊದಲ ವಾರ "ಇದು ನಮ್ಮ ಕೆಲಸ ಅಲ್ಲ" ಅಂತ ದಿನಾ ಗೊಣಗುತ್ತಿದ್ದ. ಆ ಮುದುಕ ಒಂದು ದಿನ, "ನೀ ಹಂಗ ಅಂದಾಗೊಮ್ಮೆ ಇದು ನಂದು ಅಂದಂಗ ಆಗತೈತಿ ತಮ್ಮಾ" ಅಂದನಂತೆ. ಅವತ್ತಿನಿಂದ ಅಣ್ಣ ಆ ಮಾತು ಬಿಟ್ಟ.

ಹುಡುಗರೇ, ಇದನ್ನು ನಿಮ್ಮ ಮುಂದೆ ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಮ್ಮ ಸಿಟ್ಟಿನೊಳಗೂ ಜಾತಿ ಅಡಗಿ ಕೂತಿರುತ್ತದೆ. ಕೋರ್ಟು ಹೇಳಿದ್ದು ಆ ಕೆಲಸ ನಮ್ಮದಲ್ಲ, ಇನ್ನೊಬ್ಬರದು ಅಂತ ಅಲ್ಲ. ಯಾವ ಕೆಲಸವೂ ಯಾರಿಗೂ ಹುಟ್ಟಿನಿಂದ ಅಂಟಿಕೊಂಡದ್ದಲ್ಲ ಅಂತ. ಜೇಲು ಚೊಕ್ಕಟ ಇರಬೇಕಾದರೆ ಪಾಳಿ ಹಾಕಲಿ, ಎಲ್ಲ ಕೈದಿಗಳ ಹೆಸರೂ ಪಾಳಿಯಲ್ಲಿ ಬರಲಿ. ಕೈಯಿಂದ ಮಲ ಬಳಿಯುವ ಕೆಲಸ ಮಾತ್ರ ಯಾರಿಂದಲೂ ಮಾಡಿಸುವಂತಿಲ್ಲ. 2013ರ ಕಾಯ್ದೆ ಅದನ್ನು ನಿಷೇಧಿಸಿದೆ, ಜೇಲಿಗೂ ಅದು ಅನ್ವಯಿಸುತ್ತದೆ. ನಮ್ಮವರಿಂದ ಬಿಟ್ಟಿ ಮಾಡಿಸಿದರೆ, ಮಲ ಬಳಿಸಿದರೆ ದೌರ್ಜನ್ಯ ತಡೆ ಕಾಯ್ದೆಯ 3ನೇ ಕಲಮಿನ ಪ್ರಕಾರ ಅದು ಅಪರಾಧ.

ಅಣ್ಣನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಸಜೆಯಾದ ಮೇಲೆ ಅವನನ್ನು ಬೇರೆ ಜೇಲಿಗೆ ಕಳಿಸಿದರು. ಅಲ್ಲಿಯ ಸಾಹೇಬರು ಜಾತಿ ಕೇಳಲಿಲ್ಲ, "ಏನ್ ಕೆಲಸ ಬರತೈತಿ?" ಅಂತ ಕೇಳಿದರು. ಏನೂ ಬರೂದಿಲ್ಲ ಅಂದ. ಬಡಿಗತನದ ಕಾರಖಾನೆಗೆ ಹಚ್ಚಿದರು. ಮೊದಲ ಮೂರು ತಿಂಗಳು ಬರೇ ಗರಗಸ. ಆಮೇಲೆ ರಂಧ, ಉಳಿ. ಆಮೇಲೆ ಶಾಲೆಯ ಬೆಂಚು, ಆಫೀಸಿನ ಮೇಜು. ತಿಂಗಳಿಗೊಮ್ಮೆ ಕೂಲಿ ಖಾತೆಗೆ ಜಮಾ ಆಗುತ್ತಿತ್ತು. ದುಡ್ಡು ಕಡಿಮೆ. ಆದರೂ ಒಂದು ದೀಪಾವಳಿಗೆ ಅವ್ವನ ಹೆಸರಿಗೆ ಮನಿಆರ್ಡರ್ ಬಂತು. ಅವ್ವ ಆ ಚೀಟಿಯನ್ನು ಅರಿಷಿಣದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು.

ಎರಡೂ ಕಡೆ ಮನುಷ್ಯ ಒಬ್ಬನೇ, ಕೈ ಅವೇ. ಮೊದಲ ಕೆಲಸ ಅವನ ಹುಟ್ಟು ಕೇಳಿ ಕೊಟ್ಟದ್ದು. ಎರಡನೆಯದು ಕೋರ್ಟಿನ ಕಾಗದ ನೋಡಿ ಕೊಟ್ಟದ್ದು. ಮೊದಲನೆಯದು ಬಿಟ್ಟಿ, ಎರಡನೆಯದು ಸಜೆ. ಸಜೆಯನ್ನು ಅಣ್ಣ ತಲೆಬಾಗಿ ಮಾಡಿದ. ಬಿಟ್ಟಿಯನ್ನು ಇವತ್ತಿಗೂ ಅವನು ಮರೆತಿಲ್ಲ.

ಕಠಿಣ ಸಜೆಯಲ್ಲಿಯೂ ಮಿತಿ ಇದೆ. ಅಣ್ಣ ಒಳಗಿದ್ದಾಗ ನಡೆಯುತ್ತಿದ್ದದ್ದು 1894ರ ಬಂದೀಖಾನೆ ಕಾಯ್ದೆ. ಬ್ರಿಟಿಷರದೇ ಆದರೂ ಅದರ 35ನೇ ಕಲಮು ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು ಅನ್ನುತ್ತದೆ. ತುರ್ತು ಇದ್ದರೆ ಸುಪರಿಂಟೆಂಡೆಂಟರು ಬರೆದು ಅನುಮತಿ ಕೊಡಬೇಕು. ಹದಿನೈದು ದಿನಕ್ಕೊಮ್ಮೆಯಾದರೂ ದುಡಿಯುವ ಕೈದಿಯ ತೂಕ ನೋಡಿ ಅವನ ಚೀಟಿಯಲ್ಲಿ ಬರೆಯಬೇಕು. ಈ ಕೆಲಸದಿಂದ ಇವನ ಆರೋಗ್ಯ ಕೆಡುತ್ತಿದೆ ಅಂತ ಡಾಕ್ಟರು ಹೇಳಿದರೆ ಆ ಕೆಲಸದಿಂದ ಬಿಡಿಸಬೇಕು. ಅಣ್ಣನ ಕೈ ಸುಲಿದಾಗ ನಾವು ಕೇಳಬೇಕಾಗಿದ್ದದ್ದು ಇಷ್ಟೇ: "ಡಾಕ್ಟರಿಗೆ ತೋರಿಸಿರೇನು?" ಕೇಳಲಿಲ್ಲ.

ಜೇಲಿನ ಗೋಡೆ ಮನುಷ್ಯನ ಹಕ್ಕನ್ನೆಲ್ಲ ತಡೆಯುವುದಿಲ್ಲ. 1960ರ ದಶಕದಲ್ಲಿ ಮುಂಬಯಿ ಜೇಲಿನಲ್ಲಿ ಸ್ಥಾನಬದ್ಧರಾಗಿದ್ದ ಪ್ರಭಾಕರ ಸಂಝಗಿರಿ ಅವರು ಅಣುವಿಜ್ಞಾನದ ಮೇಲೆ ಮರಾಠಿಯಲ್ಲಿ ಒಂದು ಪುಸ್ತಕ ಬರೆದರು. ಅದನ್ನು ಅಚ್ಚಿಗೆ ಹೊರಗೆ ಕಳಿಸಲು ಸರ್ಕಾರ ಬಿಡಲಿಲ್ಲ. ಸುಪ್ರೀಂ ಕೋರ್ಟು ಕಳಿಸಿ ಅಂತ ಹೇಳಿತು. 1979ರಲ್ಲಿ ತಿಹಾರ ಜೇಲಿನಿಂದ ಸುನೀಲ್ ಬಾತ್ರಾ ಅನ್ನುವ ಕೈದಿ, ಪಕ್ಕದ ಕೈದಿಗೆ ವಾರ್ಡರ್ ಮಾಡಿದ ಹಿಂಸೆಯ ಬಗ್ಗೆ ಒಂದು ಪತ್ರ ಬರೆದ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಆ ಪತ್ರವನ್ನೇ ಅರ್ಜಿ ಅಂತ ತಗೊಂಡು ತೀರ್ಪು ಕೊಟ್ಟಿತು. ಅಂದರೆ ವಕೀಲನಿಲ್ಲದಿದ್ದರೂ ಒಂದು ಪತ್ರ ಕೋರ್ಟಿನ ಬಾಗಿಲು ತೆರೆಯಬಲ್ಲದು.

ಹಕ್ಕಿನ ಜೊತೆಗೆ ಕರ್ತವ್ಯವನ್ನೂ ಹೇಳದಿದ್ದರೆ ಅಣ್ಣ ನನ್ನನ್ನು ಬಿಡುವುದಿಲ್ಲ. ಕಠಿಣ ಸಜೆಯಾದವನು ಕೊಟ್ಟ ಕೆಲಸ ಮೈಗಳ್ಳತನ ಮಾಡದೆ ಮಾಡಬೇಕು. ಬೇನೆಯ ಸೋಗು ಹಾಕುವುದು, ಬೇಕಂತಲೇ ಕೆಲಸ ಕೆಡಿಸುವುದು, ಹತಾರ ಮುರಿಯುವುದು, ತನ್ನ ಚೀಟಿ ತಿದ್ದುವುದು ಜೇಲಿನ ಅಪರಾಧಗಳು. ಇವಕ್ಕೆ ಒಳಗೇ ಬೇರೆ ಶಿಕ್ಷೆ ಇದೆ. ಎಣಿಕೆಯ ಹೊತ್ತಿಗೆ ಹಾಜರಿರಬೇಕು, ನಿಷೇಧದ ಸಾಮಾನು ಇಟ್ಟುಕೊಳ್ಳಬಾರದು, ಬೇರೆ ಕೈದಿಯ ಮೇಲೆ ಕೈ ಮಾಡಬಾರದು. ಫರ್ಲೋ, ಪೆರೋಲ್ ರಜೆಯ ಮೇಲೆ ಊರಿಗೆ ಬಂದವನು ಹೇಳಿದ ದಿನ ತಿರುಗಿ ಹೋಗಲೇಬೇಕು. ತಡಮಾಡಿದರೆ ಗಳಿಸಿದ ಮಾಫಿ ಕಡಿತವಾಗುತ್ತದೆ, ಹೊಸ ಕೇಸೂ ಬೀಳಬಹುದು. "ಇನ್ನೆರಡು ದಿನ ಇರೋ, ಜಾತ್ರಿ ಮುಗಿಸಿ ಹೋಗ" ಅಂತ ನಾವೇ ಪ್ರೀತಿಯಿಂದ ಅವನಿಗೆ ಹಾಳು ಮಾಡುತ್ತೇವೆ. ಹಾಗೆ ಮಾಡಬೇಡಿ ಅವ್ವಂದಿರೇ. ಚೆನ್ನಾಗಿ ನಡೆದುಕೊಂಡು ಕೆಲಸ ಮಾಡಿದವನಿಗೆ ಮಾಫಿ ಸಿಗುತ್ತದೆ, ಅಷ್ಟು ದಿನ ಬೇಗ ಮನೆಗೆ ಬರುತ್ತಾನೆ.

ಕೈದಿಯ ದುಡಿಮೆಗೆ ಮರ್ಯಾದೆ ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ನಮ್ಮ ಜತ್ತ ತಾಲೂಕಿನ ಆಚೆಗೇ ಆಟಪಾಡಿ. ಅದರ ಹತ್ತಿರ ಸ್ವತಂತ್ರಪುರ ಇದೆ. 1939ರ ಸುಮಾರಿಗೆ ಔಂಧ ಸಂಸ್ಥಾನದ ರಾಜರ ಕಾಲದಲ್ಲಿ, ಮಾರಿಸ್ ಫ್ರಿಡ್‌ಮನ್ ಅನ್ನುವ ಪೋಲೆಂಡಿನ ಇಂಜಿನಿಯರರ ವಿಚಾರದಿಂದ ಆದ ವಸಾಹತು. ಅದಕ್ಕೂ ಮೊದಲು ಅವರು ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರಖಾನೆಯಲ್ಲಿದ್ದವರು. ಖೂನಿ ಮಾಡಿ ಸಜೆಯಾದವರನ್ನೂ ಗೋಡೆಯಿಲ್ಲದ ಜಾಗದಲ್ಲಿ ಇಟ್ಟು, ಹೆಂಡತಿ ಮಕ್ಕಳ ಜೊತೆ ಇರಲು ಬಿಟ್ಟು, ಹೊಲ ಮಾಡಲು ಕೊಟ್ಟರು. ವಿ. ಶಾಂತಾರಾಮರು 1957ರಲ್ಲಿ ತೆಗೆದ 'ದೋ ಆಂಖೇಂ ಬಾರಹ ಹಾಥ್' ಸಿನಿಮಾಕ್ಕೆ ಪ್ರೇರಣೆ ಇದೇ. ಕಥೆ ಬರೆದ ಗ.ದಿ. ಮಾಡಗೂಳಕರರು ಅದೇ ಸೀಮೆಯವರು. ಮಳೆಯಿಲ್ಲದ ನಮ್ಮ ಈ ಬರಡು ಸೀಮೆಯಲ್ಲಿ ಕೈದಿಗಳು ಬೆಳೆ ತೆಗೆದರು. ಅವರ ಬೆನ್ನ ಹಿಂದೆ ಬಂದೂಕು ಇರಲಿಲ್ಲ, ಅವರ ಮೇಲೆ ನಂಬಿಕೆ ಇತ್ತು. ಇವತ್ತಿಗೂ ಅದು ಮುಕ್ತ ವಸಾಹತು. ಸಂಘದ ಹುಡುಗರು ಒಮ್ಮೆ ಆ ಕಡೆ ಹೋಗಿ ಬರಬೇಕು.

ಇನ್ನು ನಾವು ಮಾಡಬೇಕಾದದ್ದು ಏನು? ಈಗಲೂ ನಮ್ಮ ಓಣಿಯ ಇಬ್ಬರು ಹುಡುಗರು ಒಳಗಿದ್ದಾರೆ. ಹೆಸರು ಹೇಳುವುದಿಲ್ಲ. ಇಬ್ಬರೂ ಕಚ್ಚಾ ಕೈದಿಗಳು. ಮುಂದಿನ ಮುಲಾಕತ್ತಿಗೆ ಅವರ ಮನೆಯವರು ಹೋಗುವಾಗ ಸಂಘದಿಂದ ಒಬ್ಬರು ಜೊತೆಗೆ ಹೋಗಬೇಕು. "ಆರಾಮ ಅದಿ ಇಲ್ಲೋ" ಅಂತ ಕೇಳಿದರೆ "ಆರಾಮ" ಅಂತಲೇ ಅನ್ನುತ್ತಾರೆ, ಅಣ್ಣನೂ ಹಾಗೇ ಅನ್ನುತ್ತಿದ್ದ. ಬಿಡಿಸಿ ಕೇಳಬೇಕು. ನಿನಗೆ ಯಾವ ಕೆಲಸ ಹಚ್ಚ್ಯಾರ? ನೀನಾಗಿ ಕೇಳಿದ್ದೇನು? ಹಚ್ಚುವ ಮುಂದ ಜಾತಿ ಕೇಳಿದರೇನು? ಡಾಕ್ಟರು ನೋಡ್ಯಾರೇನು? ಕೂಲಿ ಬರೀತಾರೇನು? ಈ ಐದು ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು ಬರಬೇಕು.

ಉತ್ತರದಲ್ಲಿ ತಪ್ಪು ಕಂಡರೆ ಮೊದಲು ಸುಪರಿಂಟೆಂಡೆಂಟರಿಗೆ ಅರ್ಜಿ, ಪ್ರತಿಯೊಂದು ಜಿಲ್ಲಾ ವಿಧಿ ಸೇವಾ ಪ್ರಾಧಿಕರಣಕ್ಕೆ. ಜಾತಿಯ ತಾರತಮ್ಯ ನಡೆದಿದೆಯೋ ಇಲ್ಲವೋ ಅಂತ ಜೇಲಿಗೆ ಹೋಗಿ ನೋಡುವ ಜವಾಬ್ದಾರಿಯನ್ನು ಸುಪ್ರೀಂ ಕೋರ್ಟು ಆ ಪ್ರಾಧಿಕರಣಕ್ಕೆ ಮತ್ತು ಜೇಲಿನ ಸಂದರ್ಶಕ ಮಂಡಳಿಗೆ ಒಪ್ಪಿಸಿದೆ. ವಕೀಲರಿಗೆ ದುಡ್ಡಿಲ್ಲ ಅಂತ ಕುಳಿತುಕೊಳ್ಳಬೇಡಿ. 1987ರ ವಿಧಿ ಸೇವಾ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ವಕೀಲರು ಪುಕ್ಕಟೆ ಸಿಗುತ್ತಾರೆ. 15100ಕ್ಕೆ ಫೋನು ಹಚ್ಚಿದರೂ ದಾರಿ ಹೇಳುತ್ತಾರೆ.

ಇನ್ನೊಂದು ಲೆಕ್ಕವನ್ನೂ ನೆನಪಿಡಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಮೊದಲು ಎಂದೂ ಸಜೆಯಾಗದ ಕಚ್ಚಾ ಕೈದಿ, ಆ ಅಪರಾಧಕ್ಕಿರುವ ಅತಿ ಹೆಚ್ಚಿನ ಸಜೆಯ ಮೂರರಲ್ಲಿ ಒಂದು ಪಾಲು ಒಳಗೆ ಕಳೆದಿದ್ದರೆ ಅವನನ್ನು ಬಿಡಬೇಕು. ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ, ಒಂದಕ್ಕಿಂತ ಹೆಚ್ಚು ಕೇಸಿದ್ದರೂ ಇಲ್ಲ. ಅರ್ಜಿ ಹಾಕುವುದು ಜೇಲಿನ ಸುಪರಿಂಟೆಂಡೆಂಟರ ಕರ್ತವ್ಯ. ಆದರೆ ದಿನ ಎಣಿಸುವ ಕೆಲಸ ಮನೆಯವರೂ ಮಾಡಬೇಕು. ಸಜೆಯಾದರೆ ಕಚ್ಚಾ ಕೈದಿಯಾಗಿ ಕಳೆದ ದಿನಗಳೂ ಸಜೆಯಲ್ಲಿ ಜಮಾ ಆಗುತ್ತವೆ. ಅಣ್ಣನ ಹನ್ನೊಂದು ತಿಂಗಳು ಹಾಗೇ ಜಮಾ ಆದವು.

ಕೊನೆಯ ಮಾತು. ಅಣ್ಣ ಬಿಡುಗಡೆಯಾಗಿ ಬಂದಾಗ ಓಣಿಯಲ್ಲಿ ಯಾರೂ ಅವನಿಗೆ ಕೆಲಸ ಕೊಡಲಿಲ್ಲ. ಜೇಲಿಗೆ ಹೋಗಿ ಬಂದಾಂವ ಅಂದರು. ಎರಡು ವರ್ಷ ಊರು ಬಿಟ್ಟು ಸಾಂಗಲಿಯಲ್ಲಿ ಬಡಿಗತನ ಮಾಡಿದ. ಕೋರ್ಟು ಕೊಟ್ಟ ಸಜೆ ಮುಗಿದಿತ್ತು, ಆ ಎರಡು ವರ್ಷದ ಸಜೆಯನ್ನು ಕೊಟ್ಟವರು ನಾವು. ಆ ಇಬ್ಬರು ಹುಡುಗರು ತಿರುಗಿ ಬಂದಾಗ ಹಾಗಾಗಬಾರದು.

ನಮ್ಮ ಸಂಘದ ವಾಚನಾಲಯದಲ್ಲಿ ಬಾಬಾಸಾಹೇಬರ ಸಂಪುಟಗಳನ್ನು ಇಟ್ಟ ದೊಡ್ಡ ಕಪಾಟು ಇದೆಯಲ್ಲ, ಅದನ್ನು ಮಾಡಿದವನು ನಮ್ಮ ಅಣ್ಣ. ಬೆಲೆ ಕೇಳಿದಾಗ ಕಟ್ಟಿಗೆಯ ದುಡ್ಡು ಕೊಡ್ರಿ ಸಾಕು ಅಂದ. ಆಗಿನ ಅಧ್ಯಕ್ಷರು ಒಪ್ಪಲಿಲ್ಲ. "ನಮ್ಮ ಸಂಘದಾಗ ಬಿಟ್ಟಿ ಇಲ್ಲೋ ತಮ್ಮಾ" ಅಂತ ಹೇಳಿ ಪೂರ್ತಿ ಕೂಲಿ ಎಣಿಸಿ ಕೈಯಲ್ಲಿಟ್ಟರು. ಆ ರಸೀತಿ ಇವತ್ತಿಗೂ ಸಂಘದ ಫೈಲಿನಲ್ಲಿದೆ.

ಜೈಭೀಮ್. ಜೈ ಸಂವಿಧಾನ.